ಹಿಮ್ಮಡಿ ನೋಡುವ ಮೇಷ್ಟ್ರು

ಬೆಳಗಿನ ಆರು ಗಂಟೆ ದಾಟಿ ಐದು ನಿಮಿಷವಾಗಿದೆ. ಶಾಲೆಯ ಮೈದಾನದ ಮೂಲೆಯಲ್ಲಿರುವ ಹಳೆಯ ಉಗ್ರಾಣದ ಕೋಣೆಯಲ್ಲಿ ಅರವತ್ತನಾಲ್ಕು ವರ್ಷದ ಹಿರಿಯರೊಬ್ಬರು ನೆಲದ ಮೇಲೆ ಬೋರಲು ಮಲಗಿದ್ದಾರೆ. ಕೆನ್ನೆಯ ಕೆಳಗೆ ನಾಲ್ಕು ಮಡಿಕೆ ಮಾಡಿದ ಟವೆಲ್ಲು. ಕನ್ನಡಕ ಜಾರದ ಹಾಗೆ ಒಂದು ಕೈ ಅದರ ಕಡ್ಡಿಯ ಮೇಲಿದೆ. ಅವರ ಮೂಗಿನ ಮುಂದಿನಿಂದ ಎದುರು ಗೋಡೆಯವರೆಗೆ ನೆಲಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದೆ. ಆ ಗೆರೆಯ ಮೇಲೆ ಬರಿಗಾಲಿನ ಮಕ್ಕಳು ಒಬ್ಬರ ಹಿಂದೆ ಒಬ್ಬರಂತೆ ಅವರಿಗೆ ಬೆನ್ನು ಮಾಡಿ ನಡೆದು ಹೋಗುತ್ತಿದ್ದಾರೆ. ಒಟ್ಟು ಹದಿನೆಂಟು ಮಕ್ಕಳು.

"ರೈಲು, ನಿಧಾನ ಕಣೋ. ಎಡಗಾಲು ಒಳಗಡೆ ಬೀಳ್ತಾ ಇದೆ. ಹೆಬ್ಬೆರಳಿನ ಬುಡದಿಂದ ನೆಲಾನ ಒತ್ತು. ಹಾಂ, ಈಗ ಸರಿ. ಮುಂದಿನವರು ಯಾರಮ್ಮಾ? ಹುಲೀನಾ? ಬಾ ಹುಲಿ, ನೆಲ ಎಲ್ಲೂ ಓಡಿಹೋಗಲ್ಲ, ಆರಾಮಾಗಿ ಕಾಲಿಡು."

ಮೊದಲ ಸಲ ನೋಡುವವರು ಇದೇನಪ್ಪಾ ಇದು ಎಂದು ಬಾಗಿಲಲ್ಲೇ ನಿಲ್ಲುತ್ತಾರೆ. ಈ ಶಾಲೆಯ ಕಾವಲುಗಾರ ಹೊಸದಾಗಿ ಸೇರಿದ ವಾರ ಕಿಟಕಿಯಿಂದ ಇಣುಕಿ, ಮೇಷ್ಟ್ರಿಗೆ ಏನೋ ಆಗಿಹೋಯಿತೆಂದು ಹೌಹಾರಿ, ಒಂದು ಚೆಂಬು ನೀರು ತಂದು ಮುಖಕ್ಕೆ ಎರಚಿಬಿಟ್ಟಿದ್ದನಂತೆ. "ಎದ್ದು ಚೆನ್ನಾಗಿ ಬೈತಾರೆ ಅಂದ್ಕೊಂಡೆ ಸಾರ್," ಎಂದು ಅವನು ಈಗಲೂ ನಗುತ್ತಾನೆ. "ಮುಖ ಒರೆಸ್ಕೊಂಡು, 'ಸ್ವಲ್ಪ ಈಚೆ ನಿಂತ್ಕೊಳಪ್ಪಾ, ಆ ಹುಡುಗಿ ಕಾಲು ಕಾಣಿಸ್ತಿಲ್ಲ' ಅಂದ್ರು. ಅಷ್ಟೇ!"

ಮಲಗಿ ಯಾಕೆ ನೋಡಬೇಕು? ಮೇಷ್ಟ್ರ ಬಳಿ ಉತ್ತರ ಸಿದ್ಧವಿದೆ. "ನಿಂತು ನೋಡಿದ್ರೆ ಮಗು ಕಾಣುತ್ತೆ. ಕುಕ್ಕರುಗಾಲಲ್ಲಿ ಕೂತು ನೋಡಿದ್ರೆ ಮಂಡಿ ಕಾಣುತ್ತೆ. ನನಗೆ ಬೇಕಾಗಿರೋದು ಹಿಮ್ಮಡಿ. ಅದು ಕಾಣ್ಬೇಕು ಅಂದ್ರೆ ನೆಲಕ್ಕೇ ಇಳೀಬೇಕು."

ಈ ಕೋಣೆಗೆ ಬರುವ ಮಕ್ಕಳದು ಎರಡೆರಡು ಕಷ್ಟ. ಒಂದು, ವಯಸ್ಸಿಗೆ ಮೀರಿದ ತೂಕ. ಇನ್ನೊಂದು, ಚಪ್ಪಟೆ ಪಾದ. ನಮ್ಮ ನಿಮ್ಮ ಪಾದದ ಒಳಮಗ್ಗುಲಲ್ಲಿ ನೆಲಕ್ಕೆ ತಾಗದ ಒಂದು ಸಣ್ಣ ಕಮಾನು ಇರುತ್ತದೆ. ಈ ಮಕ್ಕಳು ನಿಂತಾಗ ಆ ಕಮಾನು ಕುಸಿದು ಇಡೀ ಅಂಗಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಹಿಮ್ಮಡಿ ಒಳಕ್ಕೆ ವಾಲುತ್ತದೆ. ಅದರ ಮೇಲೆ ಮೈಭಾರ ಬಿದ್ದರೆ ಮೀನಖಂಡ, ಮಂಡಿ, ಸೊಂಟ ಎಲ್ಲಕ್ಕೂ ನೋವು. ನೋವೆಂದು ಮಗು ಓಡುವುದಿಲ್ಲ. ಓಡದ ಮಗು ಇನ್ನಷ್ಟು ದಪ್ಪಗಾಗುತ್ತದೆ, ದಪ್ಪಗಾದಂತೆ ನೋವೂ ಹೆಚ್ಚುತ್ತದೆ. ನೋಡುವವರ ಬಾಯಲ್ಲಿ ಮಾತ್ರ ಒಂದೇ ಮಾತು: ಸೋಮಾರಿ.

ಆ ಮಾತನ್ನು ನಾನೇ ಸಾವಿರ ಸಲ ಆಡಿದ್ದೇನೆ ಎಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಇದೇ ಶಾಲೆಯಲ್ಲಿ ಅವರು ಇಪ್ಪತ್ತೊಂಬತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಅವರ ಸೀಟಿ ಕೇಳಿದರೆ ಮೈದಾನವೇ ಸೆಟೆದು ನಿಲ್ಲುತ್ತಿತ್ತಂತೆ. ದಪ್ಪ ಮಕ್ಕಳಿಗೆ ಅವರ ಲೆಕ್ಕದಲ್ಲಿ ಒಂದೇ ಔಷಧಿ: ಎಲ್ಲರಿಗೂ ಎರಡು ಸುತ್ತಾದರೆ ಇವರಿಗೆ ನಾಲ್ಕು ಸುತ್ತು. ಒಬ್ಬ ಹುಡುಗ ದಿನವೂ ಎರಡನೇ ಸುತ್ತಿಗೇ ಕಾಲು ಹಿಡಿದು ಕೂತುಬಿಡುತ್ತಿದ್ದ. ಏಳೋ ನಾಟಕದವನೇ ಎಂದು ಮೇಷ್ಟ್ರು ಸೀಟಿ ಊದುತ್ತಿದ್ದರು. ಹೀಗೆ ಒಂದು ವರ್ಷ ನಡೆಯಿತು.

ಒಂದು ದಿನ ಆ ಹುಡುಗನ ಅಜ್ಜಿ ಬಂದರು. ಜಗಳವಾಡಲಿಲ್ಲ, ಕೂಗಾಡಲಿಲ್ಲ. ಸೆರಗಿನ ಮರೆಯಿಂದ ಮೊಮ್ಮಗನ ಒಂದು ಜೊತೆ ಬೂಟು ತೆಗೆದು ಮೇಷ್ಟ್ರ ಮೇಜಿನ ಮೇಲೆ ಇಟ್ಟರು. ಕೊಂಡು ನಾಲ್ಕು ತಿಂಗಳಾಗಿರದ ಬೂಟು. ಎರಡರ ಒಳಮಗ್ಗುಲೂ ಸವೆದು ತೂತು ಬಿದ್ದಿತ್ತು, ಹಿಂಭಾಗ ಒಳಗಡೆಗೆ ಮಗುಚಿಕೊಂಡಿತ್ತು. "ಮೇಷ್ಟ್ರೇ, ಇದನ್ನ ಕೈಲಿ ಹಿಡ್ಕೊಂಡು ಸ್ವಲ್ಪ ಹೊತ್ತು ನೋಡಿ," ಎಂದರು ಅಜ್ಜಿ. "ಆಮೇಲೆ ನನ್ನ ಮೊಮ್ಮಗನ್ನ ಎಷ್ಟು ಸುತ್ತು ಬೇಕಾದ್ರೂ ಓಡಿಸಿ."

"ನೋಡಿದೆ," ಎನ್ನುತ್ತಾರೆ ಮೇಷ್ಟ್ರು. "ಇಪ್ಪತ್ತು ವರ್ಷ ಕಾಲಿನ ಕೆಲಸ ಮಾಡಿಸಿದೋನು ನಾನು. ಒಂದು ದಿನಾನೂ ಕಾಲು ನೋಡಿರಲಿಲ್ಲ."

ಮರುದಿನವೇ ರಜೆ ಹಾಕಿ ದೊಡ್ಡಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಬಾಗಿಲಲ್ಲಿ ನಿಂತರು. ರೋಗಿಯಲ್ಲ, ರೋಗಿಯ ಕಡೆಯವರೂ ಅಲ್ಲ, ಕಲಿಯಬೇಕಂತೆ! ಅಲ್ಲಿನ ಮುಖ್ಯ ತಜ್ಞೆ ಮೊದಲು ನಕ್ಕರು, ಆಮೇಲೆ ಬೇಸರಪಟ್ಟರು, ಮೂರನೇ ವಾರವೂ ಈ ಮನುಷ್ಯ ಜಪ್ಪಯ್ಯ ಎಂದರೂ ಜಾಗ ಬಿಡದಿದ್ದಾಗ ಒಂದು ಸ್ಟೂಲು ಕೊಟ್ಟು ಕೂರಿಸಿದರು. ಒಂದೂವರೆ ವರ್ಷ, ವಾರಕ್ಕೆರಡು ಮಧ್ಯಾಹ್ನ ಮೇಷ್ಟ್ರು ಆ ಸ್ಟೂಲಿನ ಮೇಲೆ ಕೂತು ಕಲಿತರು. ಆ ತಜ್ಞೆಯೇ ಈಗಲೂ ಮೂರು ತಿಂಗಳಿಗೊಮ್ಮೆ ಬಂದು ಪ್ರತಿ ಮಗುವಿನ ಕಾಲು ಪರೀಕ್ಷಿಸುತ್ತಾರೆ. ತುದಿಗಾಲಲ್ಲಿ ನಿಂತರೂ ಕಮಾನು ಏಳದ ಗಡುಸು ಪಾದದ ಮಕ್ಕಳನ್ನು ಬೇರೆ ಮಾಡಿ ಡಾಕ್ಟರ ಬಳಿಗೆ ಕಳಿಸುತ್ತಾರೆ. ಉಳಿದವರು ಮೇಷ್ಟ್ರ ಪಾಲು. ಮಕ್ಕಳು ಆಕೆಯನ್ನು ಕರೆಯುವುದು ಡಾಕ್ಟರಮ್ಮ ಎಂದು. ಡಾಕ್ಟರಮ್ಮ ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಕಮಾನು ಬರುತ್ತೆ ಅಂತ ಯಾವ ತಾಯಿತಂದೇಗೂ ಮಾತು ಕೊಡ್ಬೇಡಿ. ಬಂದ್ರೂ ಬರಬಹುದು, ಬರದೇನೂ ಇರಬಹುದು. ಬಲ ಬರುತ್ತೆ, ನೋವು ಇಳಿಯುತ್ತೆ. ಅಷ್ಟನ್ನ ಮಾತ್ರ ಹೇಳಿ." ಈ ಮಾತನ್ನು ಮೇಷ್ಟ್ರು ಎಲ್ಲಿ ಮರೆತರು, ಮರೆತು ಎಲ್ಲಿ ಎಡವಿದರು ಎಂಬುದು ಮುಂದೆ ಬರುತ್ತದೆ.

ಉಗ್ರಾಣದಲ್ಲಿ ತರಗತಿ ಶುರುವಾಗಿ ಹನ್ನೊಂದು ವರ್ಷ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಮೇಷ್ಟ್ರು ವಾರಕ್ಕೆ ಐದು ದಿನ ತಪ್ಪಿಲ್ಲ. ಇದುವರೆಗೆ ಇಲ್ಲಿಗೆ ಬಂದು ಹೋದ ಮಕ್ಕಳು ಇನ್ನೂರ ಹನ್ನೆರಡು. ದಿನದ ಕೆಲಸ ಒಂದೂಕಾಲು ಗಂಟೆಯದು. ಬಟ್ಟಲಿನಿಂದ ಬಟ್ಟಲಿಗೆ ಕಾಲ್ಬೆರಳಲ್ಲೇ ಎತ್ತಿ ಹಾಕಬೇಕಾದ ಗೋಲಿ, ಒಂದು ಕಾಲಿಗೆ ಮೂವತ್ತು. ಗೋಡೆ ಹಿಡಿದು ತುದಿಗಾಲಲ್ಲಿ ಏರಿ, ಐದು ಎಣಿಸುತ್ತ ಇಳಿಯುವುದು ಇಪ್ಪತ್ತೈದು ಸಲ. ಕೂತಲ್ಲೇ ನೆಲದ ಮೇಲಿನ ಟವೆಲ್ಲನ್ನು ಬೆರಳುಗಳಿಂದ ಎಳೆದೆಳೆದು ಮುದ್ದೆ ಮಾಡುವುದು. ಆಮೇಲೆ ಎಲ್ಲಕ್ಕಿಂತ ಕಷ್ಟದ್ದು, ಬೆರಳು ಮಡಿಸದೆ ಅಂಗಾಲನ್ನು ಒಳಕ್ಕೆಳೆದು ಪಾದವನ್ನು ಮೋಟು ಮಾಡುವುದು. ಇದನ್ನು ಕಲಿಯಲು ಕೆಲವರಿಗೆ ಎರಡು ತಿಂಗಳು ಹಿಡಿಯುತ್ತದೆ. ನಂಬಿಕೆ ಬಾರದಿದ್ದರೆ ಚಪ್ಪಲಿ ಬಿಟ್ಟು ನೀವೇ ಒಂದು ಕೈ, ಅಲ್ಲಲ್ಲ, ಒಂದು ಕಾಲು ನೋಡಿ.

ಓಟ ಮಾತ್ರ ಇಲ್ಲ. ಸೀಟಿಯೂ ಇಲ್ಲ, ಅದನ್ನು ಮೇಷ್ಟ್ರು ಮೊದಲ ದಿನವೇ ಮನೆಯಲ್ಲಿ ಬಿಟ್ಟು ಬಂದರು. ತೂಕದ ಯಂತ್ರವಂತೂ ಇಲ್ಲವೇ ಇಲ್ಲ. ಎಷ್ಟು ಕೆಜಿ ಇಳಿಯಿತೆಂದು ಕೇಳುವ ಅಪ್ಪಂದಿರಿಗೆ, "ನಾನು ಕಾಲಿನೋನು ಸ್ವಾಮಿ, ತಕ್ಕಡಿಯೋನಲ್ಲ," ಎನ್ನುತ್ತಾರೆ. ಇಲ್ಲಿ ಯಾರೂ ಯಾರನ್ನೂ ದಪ್ಪ, ಡುಮ್ಮ ಎನ್ನುವಂತಿಲ್ಲ. ಬಂದ ದಿನ ಮಗು ತನಗೊಂದು ಅಡ್ಡಹೆಸರನ್ನು ತಾನೇ ಆರಿಸಿಕೊಳ್ಳಬೇಕು. ಆದ್ದರಿಂದಲೇ ಇಲ್ಲೊಬ್ಬ ಹುಲಿ, ಒಬ್ಬ ರೈಲು, ಒಬ್ಬಳು ರಾಕೆಟ್ಟು. ಒಬ್ಬ ಎಷ್ಟು ಹೇಳಿದರೂ ಕೇಳದೆ ಬಿಸ್ಕತ್ತು ಎಂದೇ ಇಟ್ಟುಕೊಂಡಿದ್ದಾನೆ. ಇರಲಿ, ಅವನಿಷ್ಟ.

ಹದಿನೆಂಟು ಟವೆಲ್ಲು, ಮರಳಿನ ದಿಂಬು, ಗೋಲಿಯ ಚೀಲ ಎಲ್ಲವನ್ನೂ ಹೊಲಿದು ಕೊಟ್ಟವರು ಮೇಷ್ಟ್ರ ಹೆಂಡತಿ. ಶಾಲೆಯ ಸಮವಸ್ತ್ರ ಹೊಲಿಯುವುದು ಅವರ ವೃತ್ತಿ, ಗಂಡನನ್ನು ಚುಚ್ಚಿ ಮಾತಾಡುವುದು ನಲವತ್ತು ವರ್ಷದ ಹವ್ಯಾಸ. "ಮನೇಲಿ ಕಾಲು ಮೇಲೆ ಕಾಲು ಹಾಕ್ಕೊಂಡು ಕೂತಿರ್ತಾರೆ ಅಂತ ಕಾದಿದ್ದೆ," ಎನ್ನುತ್ತಾರೆ. "ನೋಡಿದ್ರೆ ಊರೋರ ಕಾಲು ಹಿಡ್ಕೊಂಡು ಕೂತಿದ್ದಾರೆ." ಹೇಳುವಾಗ ಮುಖದಲ್ಲಿರುವ ಹೆಮ್ಮೆಯನ್ನು ಮುಚ್ಚಿಡಲು ಅವರಿಗೆ ಆಗುವುದಿಲ್ಲ.

ಕಳೆದ ವರ್ಷ ಈ ಕೋಣೆಗೆ ಹತ್ತು ವರ್ಷದ ಒಬ್ಬ ಹುಡುಗಿ ಬಂದಳು. ಅಪ್ಪ ಬಸ್ ಚಾಲಕ. ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುವವಳು. ಬೇಕರಿಯವಳ ಮಗಳು ಇನ್ನು ಹೇಗಿರುತ್ತಾಳೆ ಎಂದು ಬೀದಿಯವರು ಅವಳ ಮುಂದೆಯೇ ಆಡಿಕೊಳ್ಳುತ್ತಿದ್ದರು. "ಅವಳು ತಿನ್ನೋದು ಎಲ್ಲಾ ಮಕ್ಕಳು ತಿನ್ನೋದನ್ನೇ," ಎನ್ನುತ್ತಾಳೆ ಅಮ್ಮ. "ಯಾರಿಗೆ ಅಂತ ಹೇಳ್ಕೊಂಡು ತಿರುಗ್ಲಿ?" ಹುಡುಗಿ ಒಂಟಿಕಾಲಲ್ಲಿ ಮೂರು ಸೆಕೆಂಡು ನಿಲ್ಲಲಾರಳು. ಅಡ್ಡಹೆಸರು ಏನಿಡೋಣ ಎಂದಾಗ ನೆಲ ನೋಡುತ್ತ, "ಮಿಂಚು," ಎಂದಳು. ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಪಟ್ಟಿಯಲ್ಲಿ ಮಿಂಚು ಎಂದು ದೊಡ್ಡದಾಗಿ ಬರೆದುಕೊಂಡರು.

ತಿಂಗಳಿಗೊಮ್ಮೆ ಇಲ್ಲಿ ಅಚ್ಚಿನ ದಿನ. ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟು ಕಂದು ಬಣ್ಣದ ಕಾಗದದ ಮೇಲೆ ನಿಲ್ಲಬೇಕು. ಒದ್ದೆ ಗುರುತು ಆರುವ ಮೊದಲು ಮೇಷ್ಟ್ರು ಅದರ ಅಂಚಿಗೆ ಪೆನ್ಸಿಲ್ ಎಳೆಯುತ್ತಾರೆ. ಚಪ್ಪಟೆ ಪಾದದ ಅಚ್ಚು ಅಗಲವಾಗಿ, ಮಣೆಯಂತೆ ಬೀಳುತ್ತದೆ. ಕಮಾನಿದ್ದರೆ ಒಳಮಗ್ಗುಲಲ್ಲಿ ಒಂದು ಕೊಲ್ಲಿ ಕಾಣುತ್ತದೆ. ಮಿಂಚುವಿನ ಮೊದಲ ಅಚ್ಚು ಮಣೆ. ಎರಡನೆಯದೂ ಮಣೆ. ಮೂರನೆಯದರಲ್ಲಿ ಒಂದು ಸಣ್ಣ ತಗ್ಗು ಕಂಡಿತು. ನಾಲ್ಕನೆಯದನ್ನು ನೋಡಿ ಮೇಷ್ಟ್ರು ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತರು. ಚೊಕ್ಕವಾದ, ಸುಂದರವಾದ ಕಮಾನು! ಹನ್ನೊಂದು ವರ್ಷದಲ್ಲಿ ಇಷ್ಟು ಬೇಗ ಯಾರಿಗೂ ಆಗಿರಲಿಲ್ಲ. ಕಾಗದವನ್ನು ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ ತೋರಿಸಿದರು. ಮನೆಗೂ ಒಯ್ದು ಹೆಂಡತಿಯ ಮುಂದೆ ಹಿಡಿದರು. ಆಕೆ ಸೂಜಿಗೆ ದಾರ ಪೋಣಿಸುತ್ತ, "ನಾಲ್ಕೇ ತಿಂಗಳಿಗಾ? ನಲವತ್ತು ವರ್ಷದಿಂದ ಹೇಳ್ತಿದ್ದೀನಿ, ನಿಮ್ಮ ಗೂನು ಬೆನ್ನೇ ನೆಟ್ಟಗಾಗಿಲ್ವಲ್ರೀ," ಎಂದರಂತೆ. ಆ ದಿನ ಮೇಷ್ಟ್ರಿಗೆ ಆ ಮಾತು ಕಿವಿಗೆ ಬೀಳಲಿಲ್ಲ.

ಅದೇ ಹೊತ್ತಿಗೆ ಉಗ್ರಾಣದ ಮೇಲೆ ಶಾಲೆಯ ಕಣ್ಣು ಬಿತ್ತು. ಕಂಪ್ಯೂಟರುಗಳನ್ನಿಡಲು ಕೋಣೆ ಬೇಕಾಗಿತ್ತು. ಮುಖ್ಯೋಪಾಧ್ಯಾಯಿನಿಯವರನ್ನು ದೂರುವಂತಿಲ್ಲ, ನಲವತ್ತು ಮಕ್ಕಳಿಗೆ ಒಂದೇ ಯಂತ್ರ ಎಂದರೆ ಅವರಿಗೂ ಸಂಕಟವೇ. "ಮೈದಾನ ಇದೆಯಲ್ಲಾ, ಅಲ್ಲಿ ಮಾಡಿಸಿ," ಎಂದರು. ಆದರೆ ಮೇಷ್ಟ್ರಿಗೆ ಗೊತ್ತು, ಮೈದಾನಕ್ಕೆ ಹೋದರೆ ತರಗತಿ ಮುಗಿದಂತೆಯೇ. ಈ ಹದಿನೆಂಟು ಮಕ್ಕಳು ಬೆಳಗಾಗೆದ್ದು ಬರುವುದು ಇಲ್ಲಿ ನಾಲ್ಕು ಗೋಡೆ ಇವೆ, ನೋಡಿ ನಗುವವರಿಲ್ಲ ಎಂಬ ಒಂದೇ ಧೈರ್ಯದಿಂದ. ಕೋಣೆ ಬಿಡಲಾಗದೆಂದು ಮೇಷ್ಟ್ರು ಹಟ ಹಿಡಿದಾಗ ಮುಖ್ಯೋಪಾಧ್ಯಾಯಿನಿ, "ಸರಿ, ಪ್ರಯೋಜನ ಆಗಿದೆ ಅಂತ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತಂದು ಸಮಿತಿ ಮುಂದೆ ಇಡಿ," ಎಂದರು. ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಮಿಂಚುವಿನ ಅಚ್ಚಿಗಿಂತ ಇನ್ನೇನು ಬೇಕು?

ಸಭೆಗೆ ಎರಡು ದಿನವಿದೆ ಎನ್ನುವಾಗ, ಬೆಳಗಿನ ತರಗತಿಯಲ್ಲಿ ಬಿಸ್ಕತ್ತುವಿನ ಕಾಲು ತಗುಲಿ ಬಕೆಟ್ಟು ಮಗುಚಿತು. ನೀರು ಕೋಣೆಯ ಅರ್ಧಕ್ಕೆ ಹರಿಯಿತು. ಮಕ್ಕಳಿಗೆ ಇದಕ್ಕಿಂತ ಹಬ್ಬ ಬೇಕೆ? ಪಚಪಚನೆ ತುಳಿದು, ಕಿರುಚಿ, ಒಣ ನೆಲದ ತುಂಬ ಓಡಾಡಿದರು. ನೆಲ ಒರೆಸುವ ಬಟ್ಟೆ ಹಿಡಿದು ಮಂಡಿಯೂರಿದ ಮೇಷ್ಟ್ರ ಮುಂದೆ ನೂರಾರು ಒದ್ದೆ ಹೆಜ್ಜೆ. ಅಭ್ಯಾಸಬಲದಿಂದ ಒಂದೊಂದನ್ನೇ ಓದುತ್ತ ಹೋದರು. ಇದು ರೈಲು, ಇದು ರಾಕೆಟ್ಟು. ಇದು ಯಾರದು? ಅಚ್ಚುಕಟ್ಟಾದ ಮಣೆ, ಒಂದಿಷ್ಟೂ ತಗ್ಗಿಲ್ಲ. ಹೊಸ ಮಗು ಯಾರೂ ಸೇರಿಲ್ಲವಲ್ಲ ಎಂದುಕೊಳ್ಳುತ್ತ ಹೆಜ್ಜೆಯ ಜಾಡು ಹಿಡಿದು ಹೋದರೆ, ಅದು ಬೆಂಚಿನ ಬಳಿ ನಿಂತಿತು. ಬೆಂಚಿನ ಮೇಲೆ ಮಿಂಚು ನಗುತ್ತ ಕೂತಿದ್ದಳು.

ಮೇಷ್ಟ್ರು ಬಟ್ಟೆ ಕೆಳಗಿಟ್ಟು ಎದ್ದರು. ಬಾಗಿಲಲ್ಲಿದ್ದ ಅವಳ ಚಪ್ಪಲಿ ತಿರುಗಿಸಿ ನೋಡಿದರು. ಈ ಮಕ್ಕಳ ಚಪ್ಪಲಿ ಒಳಮಗ್ಗುಲಲ್ಲಿ ಸವೆಯುತ್ತದೆ. ಅವಳದು ಹೊರಮಗ್ಗುಲಲ್ಲಿ ಸವೆದಿತ್ತು. ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಅಚ್ಚಿನ ದಿನ ಹುಡುಗಿ ಮೈಭಾರವನ್ನೆಲ್ಲ ಪಾದದ ಹೊರ ಅಂಚಿಗೆ ಜಾರಿಸಿ ನಿಲ್ಲುತ್ತಿದ್ದಳು, ಒಳಮಗ್ಗುಲು ತಾನಾಗಿ ಮೇಲೇಳುತ್ತಿತ್ತು. ಕೆಂಪು ಗೆರೆಯ ಮೇಲೂ ಹಾಗೆಯೇ ನಡೆಯುತ್ತಿದ್ದಳು. ಅದು ಪಳಗಬೇಕೆಂದು ಮನೆಯಲ್ಲಿ, ಬೀದಿಯಲ್ಲಿ ಅಂಚಿನ ಮೇಲೆಯೇ ನಡೆದಿದ್ದಳು. ಹೊರಗಿನ ಕಾಲಗಂಟು ಊದಿತ್ತು. ಒಬ್ಬರಿಗೂ ಹೇಳಿರಲಿಲ್ಲ.

"ಯಾಕಮ್ಮಾ ಹೀಗೆ ಮಾಡಿದೆ?"

ಹುಡುಗಿ ಊದಿದ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. ಆಮೇಲೆ ಅಳುತ್ತ, "ಮೂರನೇ ಸಲ ಸುಮ್ನೆ ಹಾಗಾಯ್ತು ಸಾರ್. ನಿಮಗೆ ಎಷ್ಟು ಖುಷಿ ಆಯ್ತು! ನನ್ನ ಕಾಲು ನೋಡಿ ಯಾರೂ ಅಷ್ಟು ಖುಷಿಪಟ್ಟಿರಲಿಲ್ಲ," ಎಂದಳು. ಚಪ್ಪಲಿ ಕೈಯಲ್ಲಿ ಹಿಡಿದು ಹೊರಟವಳು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಸಭೆಯ ದಿನ ಮೇಷ್ಟ್ರು ಗೋಡೆಯ ಕಾಗದವನ್ನು ಕಿತ್ತು ಕಡತಕ್ಕೆ ಸೇರಿಸಿದರು. ಸುಮ್ಮನೆ ಅದನ್ನೇ ತೋರಿಸಿದ್ದರೆ ಕೋಣೆ ಉಳಿಯುತ್ತಿತ್ತು. ಸಮಿತಿಯ ಐವರಲ್ಲಿ ಒಬ್ಬರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಹದಿನೇಳು ಮಕ್ಕಳ ನೆಲೆ ಉಳಿಸಲು ಒಂದು ಕಾಗದ ಎಂದು ಮನಸ್ಸು ಮೆಟ್ಟಿಲು ಹತ್ತುವವರೆಗೂ ಪೀಡಿಸಿತಂತೆ. ಒಳಗೆ ಹೋದ ಮೇಷ್ಟ್ರು ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಇದು ನಿಜವಲ್ಲ," ಎಂದರು. "ಮಗು ನನ್ನ ಸಂತೋಷಕ್ಕೋಸ್ಕರ ಹೀಗೆ ನಿಂತಿತ್ತು. ನಾನು ಕಾಗದ ನೋಡ್ತಾ ಕಾಲು ನೋಡೋದನ್ನ ಮರೆತೆ. ತಪ್ಪು ನಂದು." ಸಮಿತಿಯ ಹಿರಿಯರೊಬ್ಬರು ಕಕ್ಕಾಬಿಕ್ಕಿಯಾಗಿ, "ಹಾಗಾದ್ರೆ ಇಷ್ಟು ವರ್ಷ ನೀವು ಮಾಡಿಸಿದ್ದೇನ್ರೀ?" ಎಂದರು. ಮೇಷ್ಟ್ರು ಕಾಗದ ಮಡಿಸಿಕೊಂಡರು. "ಒಂದಿನ ಬೆಳಿಗ್ಗೆ ಆರು ಗಂಟೆಗೆ ಬನ್ನಿ," ಎಂದಷ್ಟೇ ಹೇಳಿ ಬಂದರು.

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ, ನೇರವಾಗಿ ಬೇಕರಿಗೆ ಹೋದರು. ಒಲೆಯ ಕಾವಿನಲ್ಲಿ ಬೆವೆಯುತ್ತಿದ್ದ ಅಮ್ಮ ಹಿಂಬದಿಯ ಕೋಣೆ ತೋರಿಸಿದಳು. ಹಿಟ್ಟಿನ ಮೂಟೆಯ ಮೇಲೆ ಮುಖ ಊದಿಸಿಕೊಂಡು ಮಿಂಚು ಕೂತಿದ್ದಳು. ಮೇಷ್ಟ್ರು ಎದುರಿನ ಮೂಟೆಯ ಮೇಲೆ ಕೂತರು. "ಇಪ್ಪತ್ತೊಂಬತ್ತು ವರ್ಷ ಮಕ್ಕಳ ಹತ್ರ ತಪ್ಪಾಯ್ತು ಅನ್ನಿಸಿಕೊಂಡೋನು ನಾನು," ಎಂದು ಅವರು ಈಗ ನೆನೆಯುತ್ತಾರೆ. "ಹೇಳೋಕೆ ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು." ಕೊನೆಗೂ ಹೇಳಿದರು. ಹುಡುಗಿ ಕತ್ತೆತ್ತಲಿಲ್ಲ. ಆಗ ಮೇಷ್ಟ್ರು ಚಪ್ಪಲಿ ಬಿಟ್ಟು ಎದ್ದು ನಿಂತರು. "ಹೋಗ್ಲಿ, ಅದನ್ನ ಹೇಗೆ ಮಾಡಿದೆ ಅಂತ ನನಗೆ ಕಲಿಸಿಕೊಡು. ಇನ್ನೊಬ್ಬರು ಮಾಡಿದ್ರೆ ನಾನು ಕಂಡುಹಿಡೀಬೇಕಲ್ಲ."

ಇದೊಂದು ಮಾತು ಹುಡುಗಿಯ ಕಿವಿ ನಿಮಿರಿಸಿತು. ಮೆಲ್ಲಗೆ ಇಳಿದು ಬಂದಳು. ಹಿಟ್ಟು ಉದುರಿದ ನೆಲದ ಮೇಲೆ ನಿಂತು ತೋರಿಸಿದಳು. ಭಾರ ಹೊರಕ್ಕೆ, ಮಂಡಿ ನೆಟ್ಟಗೆ, ಬೆರಳು ಅಲುಗಬಾರದು, ಮುಖದಲ್ಲಿ ಏನೂ ಕಾಣಬಾರದು. ಮೇಷ್ಟ್ರು ಹಾಗೇ ನಿಲ್ಲಲು ಹೋಗಿ, ವಾಲಿ, ಖಾಲಿ ತಟ್ಟೆಗಳ ಅಟ್ಟಣಿಗೆ ಹಿಡಿದು ಬಚಾವಾದರು. ತಟ್ಟೆಗಳು ಢಣಾರನೆ ಉರುಳಿದವು. ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಇನ್ನೊಮ್ಮೆ ಪ್ರಯತ್ನಿಸಿದರೂ ಮೇಷ್ಟ್ರಿಗೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಆಗಲಿಲ್ಲ. ಆಗ ಅವರಿಗೊಂದು ಅನುಮಾನ ಬಂತು.

"ಒಂಟಿಕಾಲಲ್ಲಿ ನಿಲ್ಲು ನೋಡೋಣ. ಮಾಮೂಲಿ ಥರ, ಮೋಸ ಇಲ್ಲದೆ."

ನಿಂತಳು. ಪಾದ ಮಣೆಯಂತೆಯೇ ನೆಲಕ್ಕೆ ಅಂಟಿತ್ತು. ಮೇಷ್ಟ್ರು ಕುತ್ತಿಗೆಯಲ್ಲಿ ನೇತುಹಾಕಿಕೊಂಡಿದ್ದ ಸ್ಟಾಪ್‌ವಾಚು ಒತ್ತಿದರು. ಐದು. ಹತ್ತು. ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಹದಿನೈದು. ಇಪ್ಪತ್ತು. ಇಪ್ಪತ್ತಾರಕ್ಕೆ ಹುಡುಗಿ ಕಾಲು ಕೆಳಗಿಟ್ಟಳು. ಮೂರು ಸೆಕೆಂಡು ನಿಲ್ಲಲಾಗದಿದ್ದ ಮಗು! ಕಾಗದದ ಮೇಲೆ ಏನೂ ಬದಲಾಗಿರಲಿಲ್ಲ, ಆದರೆ ಆ ಮಗು ಗೋಲಿ ಎತ್ತಿ ಎತ್ತಿ, ಗೋಡೆ ಹಿಡಿದು ಏರಿ ಇಳಿದು, ಮೈಯೊಳಗೆ ಇಷ್ಟೊಂದು ಬಲ ಕೂಡಿಟ್ಟುಕೊಂಡಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಅವಳೂ ಗಮನಿಸಿರಲಿಲ್ಲ. "ಸ್ಟಾಪ್‌ವಾಚು ಇನ್ನೊಂದ್ಸಲ ನೋಡಿದೆ," ಎನ್ನುತ್ತಾರೆ ಮೇಷ್ಟ್ರು. "ನಾನು ಕಲಿಸಿದ್ದಕ್ಕಿಂತ ಅವಳು ಜಾಸ್ತಿ ಕಲಿತಿದ್ದಳು. ನಾನು ಕಾಗದ ನೋಡ್ತಾ ಕೂತಿದ್ದೆ."

ಡಾಕ್ಟರಮ್ಮ ಬಂದು ಊದಿದ ಕಾಲಗಂಟು ನೋಡಿ ಮೊದಲು ಮೇಷ್ಟ್ರಿಗೆ ಮಂಗಳಾರತಿ ಎತ್ತಿದರು. ಆಮೇಲೆ ಹುಡುಗಿಗೆ ಎರಡು ವಾರ ವಿಶ್ರಾಂತಿ ಹೇಳಿದರು. ಅಂಚಿನ ಮೇಲೆ ನಡೆಯುವ ಆಟ ಇನ್ನೆಂದೂ ಬೇಡವೆಂದು ಮಾತು ತೆಗೆದುಕೊಂಡರು. ಎರಡು ವಾರವೂ ಮಿಂಚು ಆರು ಗಂಟೆಗೇ ಬಂದು, ಬೆಂಚಿನ ಮೇಲೆ ಕೂತು ಬೆರಳಲ್ಲಿ ಟವೆಲ್ಲು ಎಳೆದಳು. ಸಮಿತಿಯ ಐವರಲ್ಲಿ ಯಾರೂ ಬರಲಿಲ್ಲ. ಮೂರನೇ ವಾರದ ಗುರುವಾರ, ಸರಿಯಾಗಿ ಆರಕ್ಕೆ, ಮುಖ್ಯೋಪಾಧ್ಯಾಯಿನಿ ಒಬ್ಬರೇ ಬಂದು ಬಾಗಿಲಲ್ಲಿ ನಿಂತರು.

ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಅವರ ಮುಂದೆಯೇ ಮಿಂಚುವಿನ ಅಚ್ಚು ತೆಗೆದರು. ಒಂದಿಷ್ಟೂ ತಗ್ಗಿಲ್ಲದ ಮಣೆ. ಮೊದಲ ತಿಂಗಳ ಕಾಗದವನ್ನು ಪಕ್ಕದಲ್ಲಿಟ್ಟರೆ ಎರಡೂ ಒಂದೇ. ಮುಖ್ಯೋಪಾಧ್ಯಾಯಿನಿ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಒಂಟಿಕಾಲಿನ ಲೆಕ್ಕ ಹೇಳಿದರೂ ಅವರಿಗೆ ಅಷ್ಟಾಗಿ ನಾಟಿದಂತೆ ಕಾಣಲಿಲ್ಲ. ಕೋಣೆ ಕೈಬಿಟ್ಟು ಹೋಯಿತು ಎಂದು ಮೇಷ್ಟ್ರು ಮನಸ್ಸಿನಲ್ಲೇ ಅಂದುಕೊಂಡರು.

"ನೀನೇ ಹೇಳು ಪುಟ್ಟಾ," ಎಂದರು ಮುಖ್ಯೋಪಾಧ್ಯಾಯಿನಿ, ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು. "ಐದು ತಿಂಗಳು ಆಗ್ತಾ ಬಂತು. ಕಾಲು ಹೇಗಿತ್ತೋ ಹಾಗೇ ಇದೆ. ನಿನಗೆ ಏನು ಬದಲಾಯ್ತು?"

ಮಿಂಚುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಮಾತೂ ಅದಾಗಿರಲಿಲ್ಲ. "ಮೊದಲು ಎಲ್ಲಿಗೆ ಹೋದ್ರೂ ಕೂತ್ಕೊಳ್ಳೋಕೆ ಎಲ್ಲಿ ಜಾಗ ಇದೆ ಅಂತ ನೋಡ್ತಿದ್ದೆ ಮಿಸ್," ಎಂದಳು. "ಅಂಗಡಿಗೆ ಹೋದ್ರೂ, ಮದುವೆ ಮನೆಗೆ ಹೋದ್ರೂ, ಮೊದಲು ಅದೇ ನೋಡ್ತಿದ್ದೆ. ಈಗ ನೋಡಲ್ಲ."

ಹುಲಿ ಇದ್ದಲ್ಲಿಂದಲೇ, "ನಾನೂ ನೋಡ್ತಿದ್ದೆ," ಎಂದ. "ನಾನು ಈಗ್ಲೂ ನೋಡ್ತೀನಿ, ಆದ್ರೆ ಸ್ವಲ್ಪ ಲೇಟಾಗಿ," ಎಂದ ಬಿಸ್ಕತ್ತು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸುವಷ್ಟು ಕೊಳೆಯೇನೂ ಅದಕ್ಕಾಗಿರಲಿಲ್ಲ. ಆ ವಾರವೇ ಕಂಪ್ಯೂಟರುಗಳಿಗೆ ಸಿಬ್ಬಂದಿ ಕೋಣೆಯ ಅರ್ಧ ಭಾಗ ಹೋಯಿತು. ಶಿಕ್ಷಕರು ಈಗಲೂ ಮೇಷ್ಟ್ರನ್ನು ಕಂಡರೆ ಗೊಣಗುತ್ತಾರೆ. ಉಗ್ರಾಣ ಉಗ್ರಾಣವಾಗಿಯೇ, ಅಂದರೆ ಮಕ್ಕಳದಾಗಿಯೇ ಉಳಿದಿದೆ.

ಅಚ್ಚಿನ ದಿನ ಈಗಲೂ ಇದೆ, ಆದರೆ ಕಾಗದಗಳು ಗೋಡೆಯೇರುವುದಿಲ್ಲ. ಕಾಲಿನ ಜೊತೆ ಮೇಷ್ಟ್ರು ಪ್ರತಿ ಮಗುವಿಗೂ ಒಂದು ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ: ಈ ತಿಂಗಳು ಹೊಸದಾಗಿ ಎಲ್ಲಿಗೆ ನಡೆದು ಹೋದೆ? ರಾಕೆಟ್ಟು ಮೂರನೇ ಮಹಡಿಯ ಚಿಕ್ಕಮ್ಮನ ಮನೆಗೆ ಲಿಫ್ಟಿಲ್ಲದೆ ಹತ್ತಿದ್ದಾಳೆ. ರೈಲು ಅಪ್ಪನ ಜೊತೆ ಕೆರೆಯ ಸುತ್ತ ಒಂದು ಬಳಸು ಬಂದಿದ್ದಾನೆ. ಮಿಂಚು ಕಳೆದ ತಿಂಗಳು ಬೇಕರಿಯಿಂದ ಮನೆಗೆ, ಬಸ್ಸಿಗೆ ಕಾಯದೆ, ಎರಡು ನಿಲ್ದಾಣದಷ್ಟು ದೂರ ಅಮ್ಮನ ಜೊತೆ ನಡೆದಳು. "ದಾರಿಯುದ್ದಕ್ಕೂ ಒಂದೇ ಸಮ ಮಾತು," ಎನ್ನುತ್ತಾಳೆ ಅಮ್ಮ. "ನನಗೇ ಸುಸ್ತಾಗಿ, ಸ್ವಲ್ಪ ಕೂತ್ಕೊಳ್ಳೋಣ ಬಾರೇ ಅಂದೆ."

ಏಳೂಕಾಲಿಗೆ ತರಗತಿ ಮುಗಿಯುತ್ತದೆ. ಮಕ್ಕಳು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನೂಕಾಡಿ, ಹಿಂತಿರುಗಿಯೂ ನೋಡದೆ ಹೊರಡುತ್ತಾರೆ. ಹೋಗಿ ಬರುತ್ತೇನೆ ಎನ್ನುವಷ್ಟೂ ಪುರಸೊತ್ತಿಲ್ಲ ಅವರಿಗೆ. ಟವೆಲ್ಲುಗಳನ್ನು ಕೊಡವಿ ಮಡಿಸುತ್ತಿರುವ ಮೇಷ್ಟ್ರನ್ನು, ಇಷ್ಟೆಲ್ಲ ಮಾಡಿದ್ದೀರಿ, ದೊಡ್ಡವರಾದ ಮೇಲೆ ಈ ಮಕ್ಕಳು ನಿಮ್ಮನ್ನು ನೆನೆಸಿಕೊಳ್ಳಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ, ಅವರು ಮಡಿಸುವುದನ್ನು ನಿಲ್ಲಿಸದೆಯೇ ತಲೆಯಾಡಿಸುತ್ತಾರೆ.

"ಬೇಡಪ್ಪಾ, ಮರೀಲಿ. ನೋವು ಇರೋವರೆಗೆ ತಾನೇ ಮನುಷ್ಯನಿಗೆ ಕಾಲು ನೆನಪಿರೋದು? ಇವ್ರಿಗೆ ತಮಗೆ ಕಾಲಿದೆ ಅನ್ನೋದೇ ಮರೆತುಹೋಗ್ಬೇಕು. ಅದರ ಜೊತೆ ನಾನೂ ಮರೆತುಹೋದ್ರೆ, ನನ್ನ ಕೆಲಸ ಸರಿಯಾಗಿ ಆಗಿದೆ ಅಂತ ಲೆಕ್ಕ."